ಎಂಜಿನ್ ಕಿರುಚಿದರೆ ಕಿರುಚಲಿ

ಹಾಸನದಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಯಡಿಯೂರು ದಾಟಿದ ಮೇಲೆ ಮುಂದೊಂದು ತೆಂಗಿನಕಾಯಿ ಲಾರಿ. ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಲಾರಿ ಹಿಂದೆ ಬಿತ್ತು, ಕಾಲು ತೆಗೆದೆ. ಕಾರು ಮಾತ್ರ ಓಡುತ್ತಲೇ ಇತ್ತು. 90 ಆಯಿತು, 100 ಆಯಿತು.

ಬ್ರೇಕ್ ತುಳಿದೆ. ಸ್ವಲ್ಪ ತಡೆದಂತಾಯಿತು. ಬಿಟ್ಟು ಮತ್ತೆ ತುಳಿದೆ. ಮೂರನೇ ಸಲಕ್ಕೆ ಪೆಡಲ್ ಕಲ್ಲಿನ ಹಾಗಾಗಿತ್ತು. ಕೈ ಕೀ ಕಡೆಗೆ ಹೋಯಿತು. ಅಷ್ಟರಲ್ಲಿ ಪಕ್ಕದಿಂದ ನನ್ನ ಹೆಂಡತಿ, "ರೀ, ಕ್ಲಚ್ ತುಳೀರಿ, ಕ್ಲಚ್!" ಅಂತ ಕೂಗಿದಳು. ಡ್ರೈವಿಂಗ್ ಸ್ಕೂಲ್ ಮುಗಿಸಿ ಎರಡು ತಿಂಗಳಾಗಿತ್ತು ಅವಳಿಗೆ. ನಾನು ಇಪ್ಪತ್ತು ವರ್ಷದ ಡ್ರೈವರ್.

ತುಳಿದೆ. ಎಂಜಿನ್ ಎಂಥಾ ಸದ್ದು ಮಾಡಿತು ಅಂದರೆ, ಒಡೆದೇ ಹೋಗುತ್ತೆ ಅಂತ ಹೆದರಿ ಇನ್ನೇನು ಕ್ಲಚ್ ಬಿಟ್ಟುಬಿಡುತ್ತಿದ್ದೆ. ಬಿಡಲಿಲ್ಲ. ಗೇರ್ ನ್ಯೂಟ್ರಲ್ ಮಾಡಿ, ಇಂಡಿಕೇಟರ್ ಹಾಕಿ ಎಡಕ್ಕೆ ತಂದು ನಿಲ್ಲಿಸಿದೆ. ನಿಂತ ಮೇಲೆಯೇ ಕೀ ತಿರುಗಿಸಿದ್ದು.

ಬಗ್ಗಿ ನೋಡಿದರೆ, ಹಳೇ ಮ್ಯಾಟ್ ಮೇಲೆಯೇ ಹಾಸಿದ್ದ ಹೊಸ ರಬ್ಬರ್ ಮ್ಯಾಟ್ ಮುಂದಕ್ಕೆ ಜಾರಿ, ಅದರ ಅಂಚಿಗೆ ಪೆಡಲ್ ಸಿಕ್ಕಿಕೊಂಡಿತ್ತು. ಅಷ್ಟೇ! ಕೆಳಗಿನ ಕೊಕ್ಕೆಗೆ ಸಿಗಿಸುವ ಸೋಮಾರಿತನ ನನ್ನದೇ.

ಬ್ರೇಕ್ ಯಾಕೆ ಕಲ್ಲಾಯಿತು ಅಂತ ನಮ್ಮ ಮೆಕ್ಯಾನಿಕ್ ಹೇಳಿದರು. ಪೆಟ್ರೋಲ್ ಕಾರಿನಲ್ಲಿ ಪೆಡಲ್ ತುಳಿಯುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್ ಎಂಜಿನ್ ಎಳೆಯುವ ಗಾಳಿಯ ಬಲದಲ್ಲಿ ಕೆಲಸ ಮಾಡುತ್ತದಂತೆ. ಆಕ್ಸಿಲರೇಟರ್ ಪೂರ್ತಿ ತೆರೆದಿದ್ದಾಗ ಆ ಎಳೆತ ಇರುವುದಿಲ್ಲ. ಉಳಿದಿದ್ದನ್ನು ನಾನು ತುಳಿದು ಬಿಟ್ಟು, ತುಳಿದು ಬಿಟ್ಟು ಖಾಲಿ ಮಾಡಿದ್ದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕಿತ್ತು. ಇನ್ನು ಓಡುವಾಗ ಕೀ ಪೂರ್ತಿ ತಿರುಗಿಸಿ ಎಳೆದಿದ್ದರೆ ಸ್ಟೀರಿಂಗೇ ಲಾಕ್ ಆಗುತ್ತಿತ್ತು!

2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ಕಾರು ಹೀಗೇ ಓಡಿ ನಾಲ್ವರು ಸತ್ತರು. ಅದರಲ್ಲಿ ಇದ್ದದ್ದು ಬೇರೆ ಮಾಡೆಲ್ಲಿನ ಮ್ಯಾಟ್. ಓಡಿಸುತ್ತಿದ್ದವರು ಹೈವೇ ಪೊಲೀಸ್ ಅಧಿಕಾರಿ. ಅಂಥವರಿಗೇ ಆಗಲಿಲ್ಲ ಅಂದರೆ ನಾವೆಲ್ಲಿ, ಅಲ್ವಾ?

ಈಗ ಮನೆಯಲ್ಲಿರುವುದು ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ. ಹೀಗಾದರೆ ಲಿವರ್ 'ಎನ್'ಗೆ, ಅಂದರೆ ನ್ಯೂಟ್ರಲ್‌ಗೆ ತಳ್ಳಬೇಕು. ಬಟನ್ ಸ್ಟಾರ್ಟ್ ಇರುವುದರಿಂದ ಓಡುವಾಗ ಒಮ್ಮೆ ಒತ್ತಿದರೆ ಆಫ್ ಆಗುವುದೂ ಇಲ್ಲ, ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು ಅಂತ ಮ್ಯಾನ್ಯುಯಲ್‌ನಲ್ಲಿದೆ. ನಿಮ್ಮ ಕಾರಿನದು ಬೇರೆ ಇರಬಹುದು, ಪುಟ ತೆಗೆದು ನೋಡಿ.

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಲೇಔಟಿನ ಖಾಲಿ ರಸ್ತೆಯಲ್ಲಿ 20ರ ವೇಗದಲ್ಲಿ ಇಬ್ಬರೂ ಅಭ್ಯಾಸ ಮಾಡಿದೆವು. ಪಕ್ಕದಲ್ಲಿ ಕೂತವರು "ಈಗ!" ಅನ್ನಬೇಕು, ಓಡಿಸುವವರು ಕಣ್ಣು ರಸ್ತೆ ಮೇಲೇ ಇಟ್ಟು 'ಎನ್'ಗೆ ತಳ್ಳಬೇಕು. ಅವಳು ಎಂಟು ಸಲವೂ ಸರಿಯಾಗಿ ತಳ್ಳಿದಳು. ನಾನು ಪ್ರತಿ ಸಲವೂ ಮೊದಲು ಎಡಗಾಲಲ್ಲಿ ಕ್ಲಚ್ ಹುಡುಕಿದೆ.