ರಸ್ತೆ ಖರ್ಚಿನ ಪುಟ ಓದಿದ ದಿನ

ಜೆಂಡರ್ ಬಜೆಟ್ ಅಂದರೆ ಸರ್ಕಾರದ ಹಣ ಗಂಡಸರಿಗೆ, ಹೆಂಗಸರಿಗೆ ಹೇಗೆ ತಲುಪುತ್ತದೆ ಅಂತ ಬಜೆಟ್ಟಿನಲ್ಲಿ ನೋಡುವುದು. ಅದರ ತರಬೇತಿ ಅಂದಾಗ ದಿನವಿಡೀ ಮಹಿಳಾ ಯೋಜನೆಗಳ ಪಟ್ಟಿ ಓದಿಸುತ್ತಾರೆ ಅಂದುಕೊಂಡಿದ್ದೆ. ಬೆಳಿಗ್ಗೆ ನಮ್ಮ ಕೈಗೆ ಬಂದದ್ದು ಬಜೆಟ್ಟಿನ ರಸ್ತೆ ಕಾಮಗಾರಿಯ ಪುಟ.

"ಮೇಡಂ, ರಸ್ತೆಯಲ್ಲಿ ಎಲ್ಲರೂ ಓಡಾಡ್ತಾರೆ. ಇದರಲ್ಲಿ ಗಂಡು ಹೆಣ್ಣು ಅಂತ ಏನು ನೋಡೋದು?" ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದವರು ಕೇಳಿದರು. ತರಬೇತಿ ಕೊಡುತ್ತಿದ್ದ ಮೇಡಂ ಉತ್ತರ ಕೊಡಲಿಲ್ಲ. ನಿನ್ನೆ ಎಲ್ಲೆಲ್ಲಿ ಹೋಗಿದ್ದಿರಿ, ಹೇಗೆ ಹೋದಿರಿ, ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ ಅಂದರು.

ಗಂಡಸರ ಹಾಳೆಗಳಲ್ಲಿ ಹೆಚ್ಚಾಗಿ ಒಂದೇ ಉದ್ದ ಗೆರೆ. ಮನೆಯಿಂದ ಆಫೀಸು, ಆಫೀಸಿನಿಂದ ಮನೆ, ಸ್ವಂತ ಗಾಡಿಯಲ್ಲಿ. ಹೆಂಗಸರ ಹಾಳೆಯಲ್ಲಿ ಮಗುವಿನ ಶಾಲೆ, ಬಸ್ ನಿಲ್ದಾಣ, ಕೆಲಸ, ಔಷಧಿ ಅಂಗಡಿ, ತರಕಾರಿ, ವಯಸ್ಸಾದ ಅತ್ತೆಯ ಜೊತೆ ಆಸ್ಪತ್ರೆ. ಎಲ್ಲವೂ ಸಣ್ಣ ಸಣ್ಣ ಗೆರೆ, ಜಾಸ್ತಿ ನಡಿಗೆ. ಹಾಳೆಗಳನ್ನು ಬಜೆಟ್ ಪುಟದ ಪಕ್ಕ ಇಟ್ಟೆವು. ಹಣ ಹೋಗಿದ್ದು ಉದ್ದ ಗೆರೆಯ ಕಡೆಗೆ. ರಸ್ತೆ ಅಗಲ ಮಾಡಲು ದೊಡ್ಡ ಮೊತ್ತ. ಫುಟ್‌ಪಾತ್, ಬೀದಿ ದೀಪ, ಬಸ್ ತಂಗುದಾಣ ಎಲ್ಲ ಸೇರಿದರೂ ಅದರ ಹತ್ತಿರಕ್ಕೆ ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಕೊಡಬಾರದು ಅಂತ ಯಾರೂ ಬರೆದಿರಲಿಲ್ಲ. ಯಾರು ಹೇಗೆ ಓಡಾಡುತ್ತಾರೆ ಅಂತ ಯಾರೂ ಕೇಳಿರಲಿಲ್ಲ, ಅಷ್ಟೇ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಸ್ವೀಡನ್ನಿನ ಕಾರ್ಲ್‌ಸ್ಕೋಗಾ ಪಟ್ಟಣದ ಕಥೆಯನ್ನು ಮೇಡಂ ಹೇಳಿದ್ದು ಆಗಲೇ. ಅಲ್ಲಿ ಹಿಮ ಬಿದ್ದಾಗ ಮೊದಲು ದೊಡ್ಡ ರಸ್ತೆ ಸ್ವಚ್ಛ ಮಾಡುತ್ತಿದ್ದರು, ನಡೆಯುವ ದಾರಿ ಕೊನೆಗೆ. ಆಮೇಲೆ ಆ ಕ್ರಮವನ್ನೇ ತಿರುಗಿಸಿದರು. ಕಾರು ಹಿಮದಲ್ಲಿ ಹೇಗೋ ಹೋಗುತ್ತದೆ, ಮಗುವಿನ ಗಾಡಿ ತಳ್ಳಿಕೊಂಡು ಹೋಗುವುದು ಕಷ್ಟ, ಅಲ್ವಾ?

ಮಧ್ಯಾಹ್ನ ಇದರ ಹಿನ್ನೆಲೆ ಬಂತು. 1984ರಲ್ಲಿ ಆಸ್ಟ್ರೇಲಿಯಾ ಮೊದಲು ಬಜೆಟ್ಟನ್ನು ಹೀಗೆ ನೋಡಿತು. 1995ರ ಬೀಜಿಂಗ್ ಮಹಿಳಾ ಸಮ್ಮೇಳನದ ನಂತರ ಹಲವು ದೇಶಗಳು ಕೈಹಾಕಿದವು. ಆಸ್ಟ್ರಿಯಾ ಇದನ್ನು ಸಂವಿಧಾನದಲ್ಲೇ ಸೇರಿಸಿದೆ. ಭಾರತದ ಕೇಂದ್ರ ಬಜೆಟ್ಟಿನಲ್ಲಿ 2005-06ರಿಂದ ಪ್ರತ್ಯೇಕ ಜೆಂಡರ್ ಬಜೆಟ್ ಹೇಳಿಕೆ ಬರುತ್ತಿದೆ. ಪೂರ್ತಿ ಮಹಿಳೆಯರಿಗೇ ಇರುವ ಯೋಜನೆಗಳು ಒಂದು ಭಾಗದಲ್ಲಿ, ಹಣದ ಕನಿಷ್ಠ 30% ಭಾಗ ಮಹಿಳೆಯರಿಗೆ ಹೋಗುವವು ಇನ್ನೊಂದರಲ್ಲಿ. ಒಳ್ಳೆಯದೇ. ಆದರೆ ಆ 30% ನಿಜವಾಗಿ ತಲುಪಿತಾ ಅಂತ ತಿಳಿಯಬೇಕಾದರೆ ಫಲಾನುಭವಿಗಳ ಲೆಕ್ಕವನ್ನು ಗಂಡು, ಹೆಣ್ಣು ಅಂತ ಬೇರೆ ಬೇರೆ ಇಡಬೇಕು. ಅದಿಲ್ಲದೆ ಸುಮ್ನೆ ಶೇಕಡಾವಾರು ಬರೆದರೆ ಏನು ಪ್ರಯೋಜನ?

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸಿತು. ಆರೋಗ್ಯಕ್ಕೋ ಶಿಶುಪಾಲನೆಗೋ ಅನುದಾನ ಕಡಿತವಾದರೆ ಕಾಗದದಲ್ಲಿ ಅದು ಉಳಿತಾಯ. ಆದರೆ ರೋಗಿಯನ್ನು, ಮಗುವನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಆ ಕೆಲಸ ಸಂಬಳವಿಲ್ಲದೆ ಮನೆಯ ಹೆಂಗಸಿನ ತಲೆಗೆ ಬರುತ್ತದೆ. ಈ ಖರ್ಚು ಯಾವ ಲೆಕ್ಕ ಶೀರ್ಷಿಕೆಯಲ್ಲೂ ಕಾಣುವುದಿಲ್ಲ.

ಸಂಜೆ ನಮ್ಮ ಗುಂಪು ಆ ರಸ್ತೆ ಪುಟಕ್ಕೆ ಪ್ರಶ್ನೆಗಳನ್ನು ಬರೆಯಿತು. ಯಾವ ಬಸ್ ನಿಲ್ದಾಣದ ದಾರಿಯಲ್ಲಿ ದೀಪ ಇಲ್ಲ? ಕಳೆದ ವರ್ಷ ಫುಟ್‌ಪಾತಿಗೆ ಇಟ್ಟ ಹಣದಲ್ಲಿ ವಾಸ್ತವ ಖರ್ಚು ಎಷ್ಟು? ಕಾಮಗಾರಿ ಪಟ್ಟಿ ಮಾಡುವ ಮೊದಲು ಹೆಂಗಸರ ಸಭೆ ಕರೆದಿದ್ದಾರಾ? ಕೊನೆಯ ಪ್ರಶ್ನೆ ಸೇರಿಸಿದ್ದು ಲೆಕ್ಕಪತ್ರ ವಿಭಾಗದವರೇ: ಆ ಸಭೆಯನ್ನು ಹೆಂಗಸರಿಗೆ ಬಿಡುವಿರುವ ಹೊತ್ತಿನಲ್ಲಿ ಕರೆದಿದ್ದಾರಾ?