ಚೆಂಡಾಟದ ಪೈಲ್ವಾನ ನ್ಯಾಯಮೂರ್ತಿ ಹೇಗಾದರು? ಇನ್ನು ಬರೆದೇ ಇಡುತ್ತೇನೆ

ಮಿನೆಸೋಟಾದಲ್ಲಿ ನೆಲೆಸಿ ಅಮೆರಿಕನ್ ಫುಟ್‌ಬಾಲ್ ನೋಡುವ ಕನ್ನಡಿಗರಲ್ಲಿ ನಾನೂ ಒಬ್ಬ ಎಂದು ತಿಳಿದ ಕೂಡಲೇ ಜನ ಅಲನ್ ಪೇಜ್ ಅವರ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಾರೆ: ಎದುರಾಳಿಗಳ ಮೇಲೆ ಬಿದ್ದು ಹದಿನೈದು ವರ್ಷ ಗುದ್ದಾಡಿದ ಮನುಷ್ಯ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೇಗಾದರು? ಓದಿ ಆದರು. ವೈಕಿಂಗ್ಸ್ ತಂಡದಲ್ಲಿ ಆಡುತ್ತಿರುವಾಗಲೇ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1978ರಲ್ಲಿ ಪದವಿ ಪಡೆದರು. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನನ್ನ ತಕರಾರು ಆ 'ಹೇಗೆ'ಯ ಒಳಗಿರುವ ಅಚ್ಚರಿಯ ಬಗ್ಗೆ. ಒಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಅದನ್ನು ಬಿಚ್ಚಿಯೇ ಹೇಳಿದರು: "ಅಲ್ಲಪ್ಪಾ, ತಲೆ ಇರೋನು ಆ ಆಟಕ್ಕೆ ಯಾಕೆ ಹೋಗ್ತಾನೆ?" ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆಯಿತ್ತು, ಹಿಂದೆ ಜನ ಕಾಯುತ್ತಿದ್ದರು, ಸುಮ್ಮನಾದೆ. ಇಲ್ಲಿ ಸುಮ್ಮನಾಗಬೇಕಾದ ಕಾರಣವಿಲ್ಲ.

ಪೇಜ್ ಡಿಫೆನ್ಸಿವ್ ಟ್ಯಾಕಲ್ ಆಗಿದ್ದರು, ಅಂದರೆ ರಕ್ಷಣಾ ಸಾಲಿನ ನಟ್ಟನಡುವೆ ನಿಲ್ಲುವವರು. ಆ ಜಾಗದಲ್ಲಿ ನಿಂತವನು ಚೆಂಡು ಕದಲುವುದಕ್ಕೆ ಮುಂಚೆ ಎದುರಿನ ಗಾರ್ಡ್, ಅಂದರೆ ಅವನನ್ನು ತಡೆಯಲು ನಿಂತ ಎದುರಾಳಿ, ನೆಲಕ್ಕೂರಿದ ಕೈಯನ್ನು ನೋಡುತ್ತಾನೆ. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದರೆ ಮೈಭಾರ ಮುಂದಕ್ಕಿದೆ, ಚೆಂಡು ಹಿಡಿದು ನುಗ್ಗುವ ಆಟ ಬರಬಹುದು. ಕೈ ನೆಲವನ್ನು ಸುಮ್ಮನೆ ಸೋಕಿದ್ದು ಭಾರ ಹಿಂದಕ್ಕೆ ವಾಲಿದ್ದರೆ ಪಾಸ್, ಅಂದರೆ ಚೆಂಡನ್ನು ಮುಂದಕ್ಕೆ ಎಸೆಯುವ ಆಟ, ಬರಬಹುದು. ಎರಡೂ ಮೋಸವೇ ಆಗಿರಲೂಬಹುದು. ಸಾಕ್ಷ್ಯ ನೋಡಿ ತೀರ್ಮಾನಿಸಲು ಅವನಿಗೆ ಸಿಗುವುದು ಕ್ಷಣಕಾಲ, ತಪ್ಪಿದರೆ ಮೇಲ್ಮನವಿಯಿಲ್ಲ. ಈ ಕೆಲಸವನ್ನು 1971ರಲ್ಲಿ ಪೇಜ್ ಎಷ್ಟು ಚೆನ್ನಾಗಿ ಮಾಡಿದರೆಂದರೆ, ಅಸೋಸಿಯೇಟೆಡ್ ಪ್ರೆಸ್ ಕೊಡುವ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮೊತ್ತಮೊದಲ ಬಾರಿಗೆ ರಕ್ಷಣಾ ಆಟಗಾರನೊಬ್ಬನ ಪಾಲಾಯಿತು. ಆಮೇಲೆ ಅದನ್ನು ಪಡೆದ ರಕ್ಷಣಾ ಆಟಗಾರ 1986ರ ಲಾರೆನ್ಸ್ ಟೇಲರ್ ಒಬ್ಬರೇ.

ಕೇಳುವುದಾದರೆ, ಇಂಥವರನ್ನು ತಂಡ ಕೈಬಿಟ್ಟದ್ದೇಕೆ ಎಂದು ಕೇಳಿ. ಪೇಜ್ ದೂರದ ಓಟ ಹಚ್ಚಿಕೊಂಡು, ಸುಮಾರು ನೂರು ಕಿಲೋಗೆ ಇಳಿದಿದ್ದರು. ಆ ಜಾಗಕ್ಕೆ ಅದು ಸಾಲದೆಂದು ಕೋಚ್ ಬಡ್ ಗ್ರಾಂಟ್ ಭಾವಿಸಿದರು. ಕಾನೂನು ಪದವಿ ಬಂದ ವರ್ಷವೇ, ಋತುವಿನ ನಡುವೆ, ವೈಕಿಂಗ್ಸ್ ಅವರನ್ನು ಬಿಟ್ಟುಕೊಟ್ಟಿತು. ಶಿಕಾಗೊ ಬೇರ್ಸ್ ತಂಡ ನಿಯಮದ ಪ್ರಕಾರ 100 ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡಿತು. 1981ರವರೆಗೆ ಅಲ್ಲಿ ಆಡಿದ ಪೇಜ್, ವೃತ್ತಿಯುದ್ದಕ್ಕೂ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ತೂಕ ಸಾಲದ ಮನುಷ್ಯನ ದಾಖಲೆಯಿದು.

ಅಥವಾ 1992ರ ಬಗ್ಗೆ ಕೇಳಿ. ಮಿನೆಸೋಟಾದಲ್ಲಿ ಸುಪ್ರೀಂ ಕೋರ್ಟಿನ ಸ್ಥಾನಕ್ಕೆ ಚುನಾವಣೆ ನಡೆಯುತ್ತದೆ. ಪೇಜ್ ಕಣಕ್ಕಿಳಿಯಲು ಹೊರಟಾಗ, ಗವರ್ನರ್ ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ವಿಸ್ತರಿಸಿದ್ದರಿಂದ ಆ ಚುನಾವಣೆಯೇ ತಪ್ಪುವಂತಾಯಿತು. ಅವರು ದಾವೆ ಹೂಡಿ ಗೆದ್ದರು, ಚುನಾವಣೆ ನಡೆಸಿಸಿದರು, ಅದನ್ನೂ ಗೆದ್ದು ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದರು. 2015ರಲ್ಲಿ ಎಪ್ಪತ್ತು ತುಂಬಿ, ಕಾನೂನೇ ಇಳಿಯಬೇಕೆಂದಾಗ ಇಳಿದರು. ಆ ಹಿರಿಯರು ಈ ದಾವೆಯ ಬಗ್ಗೆ ಕೇಳಿದ್ದರೆ ತಟ್ಟೆ ಕೆಳಗಿಟ್ಟು, ಸಾಲು ಬಿಟ್ಟು ಬಂದು ಹೇಳುತ್ತಿದ್ದೆ.