ಖರ್ಚಿಗೆ ಮೊದಲೇ ಬಾಬ್ತು: ಮನೆಯ ಲೆಕ್ಕಕ್ಕೆ ಆ್ಯಪ್ ಬಳಸುವ ಬಗೆ

ಬಜೆಟ್ ಆ್ಯಪ್ ಬಳಸುವ ಅನೇಕರು ಅದನ್ನು ಖರ್ಚಿನ ಡೈರಿಯಂತೆ ಇಟ್ಟುಕೊಳ್ಳುತ್ತಾರೆ. ತಿಂಗಳು ಮುಗಿದ ಮೇಲೆ ಯಾವುದಕ್ಕೆ ಎಷ್ಟು ಹೋಯಿತೆಂದು ನೋಡಿ, ಮುಂದೆ ಕೈ ಬಿಗಿ ಹಿಡಿಯಬೇಕೆಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಖರ್ಚಾಗಿ ಹೋದ ಹಣದ ಬಗ್ಗೆ ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ. ನಮ್ಮ ಮನೆಯಲ್ಲಿ ಆ್ಯಪ್ ನಿಜವಾಗಿ ನೆರವಿಗೆ ಬಂದದ್ದು, ಸಂಬಳ ಖಾತೆಗೆ ಜಮೆಯಾದ ದಿನವೇ ಅದರ ಒಂದೊಂದು ಪಾಲಿಗೂ ಬಾಬ್ತು ಗೊತ್ತುಮಾಡತೊಡಗಿದ ಮೇಲೆ.

ಬಾಡಿಗೆಗೆ, ದಿನಸಿಗೆ, ಔಷಧಿಗೆ ಎಂದು ಬೇರೆ ಬೇರೆ ಲಕೋಟೆಗಳಲ್ಲಿ ನಗದು ಎತ್ತಿಡುವ ಹಳೆಯ ಕ್ರಮವೇ ಇದರ ಮೂಲ. ಜೆಸ್ಸಿ ಮೀಚಮ್ 2004ರಲ್ಲಿ ಒಂದು ಸ್ಪ್ರೆಡ್‌ಶೀಟ್ ಆಗಿ ಆರಂಭಿಸಿದ ‘ವೈನ್ಯಾಬ್’ (YNAB) ಎಂಬ ಬಜೆಟ್ ಆ್ಯಪ್ ಈ ಕ್ರಮವನ್ನೇ ಆಧರಿಸಿದೆ. ಬಂದ ಹಣವನ್ನೆಲ್ಲ ಹಂಚಿ, ಬಾಬ್ತಿಲ್ಲದ ಶಿಲ್ಕನ್ನು ಸೊನ್ನೆಗೆ ತರಬೇಕು ಎಂದರೆ ಎಲ್ಲವನ್ನೂ ಖರ್ಚು ಮಾಡಬೇಕೆಂದಲ್ಲ. ಉಳಿತಾಯವೂ, ಆಪತ್ಕಾಲದ ನಿಧಿಯೂ ಒಂದೊಂದು ಬಾಬ್ತೇ. ಅಗತ್ಯಕ್ಕೆ ಶೇ. 50, ಇಷ್ಟಕ್ಕೆ ಶೇ. 30, ಉಳಿತಾಯಕ್ಕೆ ಶೇ. 20 ಎಂಬ ಪ್ರಸಿದ್ಧ ಸೂತ್ರವನ್ನೂ ಕೆಲವು ಆ್ಯಪ್‌ಗಳು ಸೂಚಿಸುತ್ತವೆ. ಬಾಡಿಗೆಯೊಂದೇ ಆದಾಯದ ಅರ್ಧವನ್ನು ನುಂಗುವ ಮನೆಗೆ ಅದು ಹೊಂದುವುದಿಲ್ಲವಾದ್ದರಿಂದ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಮನೆಯ ಲೆಕ್ಕವನ್ನು ಕೆಡಿಸುವುದು ದಿನನಿತ್ಯದ ಖರ್ಚಿಗಿಂತ ಹೆಚ್ಚಾಗಿ ವರ್ಷಕ್ಕೊಮ್ಮೆ ಬರುವ ಖರ್ಚು ಎಂಬುದು ನನ್ನ ಅನುಭವ. ವಿಮೆಯ ಕಂತು, ಶಾಲೆಯ ಶುಲ್ಕ, ವಾಹನದ ದುರಸ್ತಿ, ಇವನ್ನು ಅನಿರೀಕ್ಷಿತ ಎನ್ನುತ್ತೇವೆ. ಆದರೆ ಇವುಗಳಲ್ಲಿ ಹೆಚ್ಚಿನವು ಬರುವ ತಿಂಗಳು ನಮಗೆ ಮೊದಲೇ ಗೊತ್ತಿರುತ್ತದೆ. ವರ್ಷದ ಕೊನೆಗೆ 12,000 ಕಟ್ಟಬೇಕಿದ್ದರೆ ತಿಂಗಳಿಗೆ 1,000ದಂತೆ ಎತ್ತಿಡಬೇಕು. ಐದೇ ತಿಂಗಳು ಉಳಿದಿದ್ದರೆ ತಿಂಗಳಿಗೆ 2,400 ಬೇಕಾಗುತ್ತದೆ. ಕೊನೆಯ ದಿನಾಂಕವನ್ನೂ ಮೊತ್ತವನ್ನೂ ನಮೂದಿಸಿದರೆ ಈ ಭಾಗಾಕಾರವನ್ನು ಆ್ಯಪ್ ತಾನೇ ಮಾಡಿ, ಹಿಂದುಳಿದ ತಿಂಗಳಲ್ಲಿ ಎಚ್ಚರಿಸುವಂತಿರಬೇಕು. ಆ್ಯಪ್ ಆರಿಸುವಾಗ ನಾನು ಮೊದಲು ನೋಡುವುದು ಈ ಸೌಲಭ್ಯವನ್ನೇ, ಚಂದದ ಗ್ರಾಫ್‌ಗಳನ್ನಲ್ಲ.

ಬ್ಯಾಂಕಿನ ವಿವರಗಳನ್ನು ತಾನಾಗಿಯೇ ಎಳೆದುಕೊಳ್ಳುವ ಆ್ಯಪ್‌ಗಳು ಶ್ರಮ ಉಳಿಸುತ್ತವೆ, ಆದರೆ ಅವುಗಳ ವಿಂಗಡಣೆಯನ್ನು ಕಣ್ಣುಮುಚ್ಚಿ ನಂಬಬಾರದು. ಒಂದು ಖಾತೆಯಿಂದ ನಮ್ಮದೇ ಇನ್ನೊಂದು ಖಾತೆಗೆ ಹೋದ ಹಣ ಖರ್ಚಾಗಿ ಕಾಣಿಸಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ದಿನವೇ ಆ ಖರ್ಚು ಅದರ ಬಾಬ್ತಿನಿಂದ ಕಳೆಯಬೇಕು. ಆಮೇಲೆ ಕಾರ್ಡಿನ ಬಿಲ್ ಕಟ್ಟಿದ್ದನ್ನು ವರ್ಗಾವಣೆ ಎಂದು ತೋರಿಸದಿದ್ದರೆ ಒಂದೇ ಖರ್ಚು ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಈ ಕಾರಣಕ್ಕೆ ನಾವು ಖರ್ಚನ್ನು ಆಗಿಂದಾಗಲೇ ಕೈಯಾರೆ ನಮೂದಿಸುತ್ತೇವೆ. ನಮೂದಿಸುವ ಮುನ್ನ ಆ ಬಾಬ್ತಿನ ಶಿಲ್ಕು ಕಣ್ಣಿಗೆ ಬೀಳುತ್ತದೆಂಬುದೇ ಅದರ ದೊಡ್ಡ ಲಾಭ.

ಒಂದು ಬಾಬ್ತು ಬರಿದಾದರೆ ಇನ್ನೊಂದರಿಂದ ಹಣ ಸರಿಸುವುದರಲ್ಲಿ ತಪ್ಪೇನಿಲ್ಲ. ಯಾವುದರಿಂದ ಸರಿಸಬೇಕೆಂಬುದನ್ನು ಮಾತ್ರ ಸಂಸಾರ ನಡೆಸುವ ಇಬ್ಬರೂ ಒಂದೇ ಲೆಕ್ಕವನ್ನು ಮುಂದಿಟ್ಟುಕೊಂಡು ತೀರ್ಮಾನಿಸಬೇಕು. ಮನೆಯಲ್ಲಿ ಒಬ್ಬರೇ ಲೆಕ್ಕ ಬರೆಯುತ್ತಿದ್ದರೆ ಇನ್ನೊಬ್ಬರಿಗೆ ಅದು ತಪಾಸಣೆಯಂತೆ ಭಾಸವಾಗುತ್ತದೆ. ಆದಾಯ ನಿಶ್ಚಿತವಿಲ್ಲದವರು ಬರಲಿರುವ ಹಣವನ್ನು ಹಂಚದೆ, ಕೈಯಲ್ಲಿರುವುದನ್ನಷ್ಟೇ ಹಂಚುವುದು ಕ್ಷೇಮ.

ಇನ್ನು, ಆ್ಯಪ್ ಶಾಶ್ವತವೆಂದು ತಿಳಿಯಬಾರದು. 2007ರಲ್ಲಿ ಬಂದು, 2009ರಲ್ಲಿ ಇಂಟ್ಯೂಟ್ ಸಂಸ್ಥೆಯ ಪಾಲಾಗಿ, ಬಹಳ ಜನಪ್ರಿಯವಾಗಿದ್ದ ‘ಮಿಂಟ್’ 2024ರಲ್ಲಿ ಮುಚ್ಚಿತು. ಆದ್ದರಿಂದ ಲೆಕ್ಕವನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ) ಕಡತವಾಗಿ ಹೊರತೆಗೆಯಲು ಬಿಡದ ಆ್ಯಪನ್ನು ನಾನು ಬಳಸುವುದಿಲ್ಲ. ಪ್ರತಿ ತಿಂಗಳ ಕೊನೆಗೆ ಆ ಕಡತವನ್ನು ಇಳಿಸಿಟ್ಟುಕೊಂಡರೆ ಅದನ್ನು ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಹುದು, ಮುಂದೆ ಬೇರೆ ಆ್ಯಪ್‌ಗೂ ಒಯ್ಯಬಹುದು.